ಜಲೀಲನಿಗೆ ಬೇರೆ ಪುಟ ಬೇಕೇ?

ಚಿತ್ರರಸಿಕ ಮಿತ್ರರೇ, ಹೋದ ಭಾನುವಾರ ಮರಳವಾಡಿಗೆ ಹೋಗಿದ್ದೆ. ವಾಪಸ್ ಬರುವ ಬಸ್ಸು ತಡವಾಯಿತು. ಟೀ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಹುಡುಗ ಗುರುತು ಹಿಡಿದು ಹತ್ತಿರ ಬಂದ. ಮುಖ ಕೆಂಪಗಾಗಿತ್ತು.

"ಅಣ್ಣ, ನೀವೇ ನ್ಯಾಯ ಹೇಳಿ. ಯಾರು ಬೇಕಾದ್ರೂ ಬರೀಬೋದು ಅಂತ ಅಂತರ್ಜಾಲದಲ್ಲಿ ಒಂದು ವಿಶ್ವಕೋಶ ಐತಲ್ಲ, ಅದಕ್ಕೆ 'ನಾಗರಹಾವು' ಚಿತ್ರದ ಜಲೀಲನ ಬಗ್ಗೆ ಬರೆದೆ. ಬೇರೆ ಪುಟ ಬೇಡ, ಸಿನಿಮಾ ಪುಟದಲ್ಲೇ ನಾಲ್ಕು ಸಾಲು ಸಾಕು ಅಂದ್ಬಿಟ್ರು. ಗಬ್ಬರ್ ಸಿಂಗ್‌ಗೆ ಬೇರೆ ಪುಟ ಐತೆ. ನಮ್ಮೋನು ಏನು ಪಾಪ ಮಾಡಿದ್ದ?"

ಗಬ್ಬರ್ ನಮಗೇನು ಹೊರಗಿನವನಲ್ಲ. ಅವನ ಅಡ್ಡೆ ನಮ್ಮ ರಾಮನಗರದ ಬಂಡೆಗಳ ನಡುವೆಯೇ ಇತ್ತು. ಆದರೂ ಹುಡುಗನಿಗೆ ಒಂದು ಪ್ರಶ್ನೆ ಹಾಕಿದೆ: "ಸಿನಿಮಾದ ಕಥೆ ಬಿಟ್ಟು ಆ ಪಾತ್ರದ ಬಗ್ಗೆ ಹೇಳೋಕೆ ಏನುಳಿಯುತ್ತಪ್ಪಾ?"

ಗಬ್ಬರ್‌ನನ್ನೇ ನೋಡಿ. ಸಲೀಂ-ಜಾವೇದ್ ಆ ಹೆಸರನ್ನು ತಂದದ್ದು ನಿಜವಾದ ಒಬ್ಬ ಚಂಬಲ್ ಡಕಾಯಿತನಿಂದ. ಪಾತ್ರ ಮೊದಲು ಹೋಗಿದ್ದು ಡ್ಯಾನಿಗೆ. ಅವರಿಗೆ ಬಿಡುವಿಲ್ಲದೆ ಅಮ್ಜದ್ ಖಾನ್‌ಗೆ ಬಂತು. 1975ರಲ್ಲಿ 'ಶೋಲೆ' ಬಂದ ಮೇಲೆ ಆ ಖಳನಾಯಕನೇ ಬಿಸ್ಕತ್ತಿನ ಜಾಹೀರಾತಿಗೂ ಬಂದ! 2012ರಲ್ಲಿ ಪವನ್ ಕಲ್ಯಾಣ್ ಅದೇ ಹೆಸರಿನ ತೆಲುಗು ಚಿತ್ರದಲ್ಲಿ ನಾಯಕನಾದರು. ಪಾತ್ರ ಸಿನಿಮಾದಿಂದ ಎದ್ದು ಆಚೆ ನಡೆದುಬಿಟ್ಟಿದೆ. ಹಾಗಾಗಿ ಅವನಿಗೆ ಬೇರೆ ಪುಟ.

"ಜಲೀಲನೂ ಹಂಗೇ ಕಣಣ್ಣ. ಅಂಬರೀಶಣ್ಣನ ಮೊದಲನೇ ಸಿನಿಮಾ!"

"ಅದು ಅಂಬರೀಶ್ ಪುಟದ ಮಾತಲ್ಲವೇನಪ್ಪಾ?" ಅಂದೆ. ಹುಡುಗ ಸುಮ್ಮನಾದ.

ಅದೇ ಚಿತ್ರದ ರಾಮಾಚಾರಿಯ ಲೆಕ್ಕವೇ ಬೇರೆ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. ಕಾದಂಬರಿಯ ರಾಮಾಚಾರಿ ಬೇರೆ, ತೆರೆಯ ರಾಮಾಚಾರಿ ಬೇರೆ ಎಂಬ ವಾದ ಆಗಿನಿಂದ ಇಂದಿನವರೆಗೂ ನಡೆದಿದೆ. 1974ರಲ್ಲಿ ಹಿಂದಿಯಲ್ಲಿ ರಿಷಿ ಕಪೂರ್, ತೆಲುಗಿನಲ್ಲಿ ಶೋಭನ್ ಬಾಬು ಆ ಪಾತ್ರ ಮಾಡಿದರು. 2014ರಲ್ಲಿ ಯಶ್ ಚಿತ್ರದ ಹೆಸರಿನಲ್ಲೇ ರಾಮಾಚಾರಿ ಮತ್ತೆ ಬಂದ. ಕಥೆ ಪಕ್ಕಕ್ಕಿಟ್ಟರೂ ಬರೆಯಲು ಬೇಕಾದಷ್ಟಿದೆ. ರಾಮಾಚಾರಿಗೆ ಬೇರೆ ಪುಟ ಕೊಡಲೇಬೇಕು, ಇದು ನನ್ನ ತೀರ್ಪು. ಜಲೀಲನಿಗೆ ಸದ್ಯಕ್ಕೆ ಸಿನಿಮಾ ಪುಟದಲ್ಲೇ ಜಾಗ. ಅದು ಅವಮಾನವಲ್ಲ, ಮಿತ್ರರೇ. ಬೇರೆ ಮನೆ ಕಟ್ಟಲು ಸಾಮಾನು ಸಾಲದು, ಅಷ್ಟೇ.

ಹುಡುಗ ಲೋಟ ಕೆಳಗಿಟ್ಟ. "ನಮ್ಮಪ್ಪ ಟೆಂಟ್‌ನಾಗೆ ಆ ಸಿನಿಮಾ ನೋಡ್ಕೊಂಡು ಬಂದು, ಒಂದು ತಿಂಗಳು ಜಲೀಲನ ಧಾಟಿಲೇ ಮಾತಾಡ್ತಿದ್ರಂತೆ. ನಮ್ಮಜ್ಜಿ ಪೊರಕೆ ತಗೊಂಡ ಮ್ಯಾಲೇ ನಿಲ್ಲಿಸಿದ್ದಂತೆ. ಅಪ್ಪ ಹೋಗಿ ಎರಡು ವರ್ಷ ಆಯ್ತಣ್ಣ. ಅದನ್ನೇ ಬರೆದಿದ್ದೆ. ಸಾಕ್ಷಿ ಏನೈತೆ ಅಂತ ಕೇಳಿ ಅಳಿಸಾಕಿದ್ರು."

ಈಗ ಸುಮ್ಮನಾಗುವ ಸರದಿ ನನ್ನದು.

ವಿಶ್ವಕೋಶದವರು ಮಾಡಿದ್ದು ತಪ್ಪಲ್ಲ. ಮನೆಯ ಮಾತು ಅಲ್ಲಿ ನಡೆಯುವುದಿಲ್ಲ. ಬೇರೆಯವರು ಅಚ್ಚಿನಲ್ಲಿ ಬರೆದದ್ದು ಬೇಕು. ತಪ್ಪು ನಮ್ಮಂಥ ಬರೆಯುವವರದ್ದು. ನಾಯಕನ ಕಟೌಟಿನ ಎತ್ತರ ಬರೆದೆವು, ಹಾರಗಳ ಲೆಕ್ಕ ಬರೆದೆವು. ಟೆಂಟಿನ ನೆಲದಲ್ಲಿ ಕೂತು ನೋಡಿದವನು ಮನೆಗೆ ಯಾವ ಪಾತ್ರವನ್ನು ಹೊತ್ತುಕೊಂಡು ಹೋದ ಎಂದು ಕೇಳಲಿಲ್ಲ. ಅವನ ಜೊತೆಗೇ ಆ ಮಾತೂ ಮಣ್ಣಾಗುತ್ತಿದೆ.

ಬಸ್ಸು ಬಂತು. "ಅಪ್ಪನ ಕಥೆ ನಂಗೆ ಬರೆದು ಕಳ್ಸಪ್ಪಾ, ಈ ಅಂಕಣದಲ್ಲೇ ಹಾಕ್ತೀನಿ" ಎಂದು ಹೇಳಿ ಹತ್ತಿದೆ.

ನಿಮಗೂ ಅದೇ ಮಾತು, ಮಿತ್ರರೇ. ಚಾಮಯ್ಯ ಮೇಷ್ಟ್ರೋ, 'ಬಂಗಾರದ ಮನುಷ್ಯ'ದ ರಾಜೀವನೋ, ನಿಮ್ಮ ಮನೆಯೊಳಕ್ಕೆ ಬಂದ ಪಾತ್ರ ಯಾವುದು? ಅಪ್ಪನನ್ನು ಕೇಳಿ, ಊರು ಇಸವಿ ಸಮೇತ ಬರೆಯಿರಿ. ಪುಟ ಆಮೇಲೆ ನೋಡೋಣ.