ಹಳೇ ಬಿಲ್ಲಲ್ಲಿ ಬಡತನ ಅಳೆಯೋಕಾಗಲ್ಲ

ಇವತ್ತು ಹೊಲದ ಸುದ್ದಿ ಬಿಟ್ಟು ಮನೆ ಮೀಟರ್ ಸುದ್ದಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಗೃಹಜ್ಯೋತಿ ಅಂದ್ರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಎಷ್ಟೋ ಜನ ಇನ್ನೂ ನಂಬಿದ್ದಾರೆ. ಹಾಗಿಲ್ಲ. 2023ರ ಜುಲೈನಲ್ಲಿ ಯೋಜನೆ ಶುರುವಾದಾಗ ಸರ್ಕಾರ ಮೀಟರ್ ದಾಖಲೆ ತೆಗೀತು. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ರಿ ಅಂತ ನೋಡಿ, ಅದರ ಮೇಲೆ ಶೇ. 10 ಸೇರಿಸಿತು. ಅಷ್ಟೇ ನಿಮ್ಮ ಪಾಲು. ಅದನ್ನ ದಾಟಿದ್ರೆ ಹೆಚ್ಚಾದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದ್ರೆ ಪೂರ್ತಿ ಬಿಲ್ಲು.

ಲೆಕ್ಕ ಹಾಕಿ. ಫ್ರಿಜ್ಜು, ಗೀಸರು ಇರೋ ಮನೇದು 180 ಯೂನಿಟ್ ಸರಾಸರಿ ಅಂದ್ರೆ 198 ಫ್ರೀ. ಎರಡು ಬಲ್ಬು, ಒಂದು ಫ್ಯಾನಿನ ಮನೇದು 30 ಅಂದ್ರೆ 33 ಫ್ರೀ. 2024ರ ಜನವರಿಯಲ್ಲಿ, 48 ಯೂನಿಟ್ಟಿಗಿಂತ ಕಡಿಮೆ ಇರೋರಿಗೆ ಶೇ. 10ರ ಬದಲು 10 ಯೂನಿಟ್ ಅಂತ ಮಾಡಿದ್ರು. ಆಗ 33 ಹೋಗಿ 40 ಆಯ್ತು. ಇನ್ನೊಂದು ವಿಚಿತ್ರ ನೋಡಿ: ಹಳೇ ದಾಖಲೆನೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಹಿಡಿದು 58 ಯೂನಿಟ್ ಕೊಟ್ರು. ಅಂದ್ರೆ ಬಿಲ್ಲಿಗೆ ಹೆದರಿ ದೀಪ ಆರಿಸಿ ಕೂತವನಿಗಿಂತ, ದಾಖಲೆನೇ ಇಲ್ಲದವನಿಗೆ ಜಾಸ್ತಿ!

'ಉರಿಸಿದಷ್ಟು ಕೊಟ್ಟವ್ರೆ, ಇನ್ನೇನು ಬೇಕು?' ಅಂತ ಕೇಳೋರಿದ್ದಾರೆ. ಕಡಿಮೆ ಉರಿಸಿದ್ದು ಬೇಡ ಅಂತಲ್ಲಪ್ಪ, ಕಟ್ಟೋಕೆ ಆಗಲ್ಲ ಅಂತ. ಒಂದು ವರ್ಷದ ಮೀಟರ್ ನೋಡಿ ಇವರಿಗೆ ಇಷ್ಟೇ ಸಾಕು ಅನ್ನೋದು, ಬರಗಾಲದ ಇಳುವರಿ ನೋಡಿ ಈ ಹೊಲ ಇಷ್ಟೇ ಬೆಳೆಯೋದು ಅಂದ ಹಾಗೆ.

ಒಟ್ಟು ಕುಟುಂಬಕ್ಕಂತೂ ಇದು ದೊಡ್ಡ ಪೆಟ್ಟು. ಒಂಬತ್ತು ಜನ ಒಂದೇ ಒಲೆ, ಒಂದೇ ಆರ್‌ಆರ್ ನಂಬರ್ ಇದ್ರೆ ಪಾಲು ಒಂದೇ. ಅಣ್ಣತಮ್ಮಂದಿರು ಭಾಗವಾಗಿ ಮೂರು ಮೀಟರ್ ಹಾಕಿಸಿಕೊಂಡ್ರೆ ಮೂರು ಪಾಲು. ಮನೇಲಿ ಎಷ್ಟು ತಲೆ ಅನ್ನೋದು ಮೀಟರಿಗೆ ಗೊತ್ತಿಲ್ಲ. ಸರ್ಕಾರಕ್ಕೆ ಗೊತ್ತಿದೆ. ರೇಷನ್ ಕಾರ್ಡಲ್ಲಿ ಇದೆ, 'ಕುಟುಂಬ' ತಂತ್ರಾಂಶದಲ್ಲಿ ಇದೆ. 2023ರ ಬರ ಪರಿಹಾರ ಹಾಕುವಾಗ ಫ್ರೂಟ್ಸ್ ಮಾಹಿತಿ ಹಿಡಿದೇ ನಮ್ಮ ಖಾತೆಗೆ ದುಡ್ಡು ಬಂತಲ್ಲ? ಹಾಗಿದ್ರೆ ಕರೆಂಟಿಗೆ ಮಾತ್ರ ಯಾಕೆ ಬರೀ ಹಳೇ ಬಿಲ್ಲು?

ಆದ್ರೆ ಹುಷಾರು. ದಾಖಲೆ ಬಳಸಿ ಅಂದ ತಕ್ಷಣ ಕೆಲವರು 'ಬಿಪಿಎಲ್ ಇಲ್ಲದವರನ್ನೆಲ್ಲ ತೆಗೀರಿ' ಅಂತಾರೆ. 2024ರ ನವೆಂಬರಲ್ಲಿ ಕಾರ್ಡ್ ರದ್ದು ಮಾಡೋಕೆ ಹೋಗಿ, ಗಲಾಟೆಯಾದ ಮೇಲೆ ಸರ್ಕಾರ ವಾಪಸ್ ಕೊಟ್ಟಿದ್ದು ಮರೆತ್ರಾ? ಏಳೂವರೆ ಎಕರೆಗಿಂತ ಜಾಸ್ತಿ ಖುಷ್ಕಿ ಇದ್ರೆ ಬಿಪಿಎಲ್ ಇಲ್ಲ ಅನ್ನುತ್ತೆ ನಿಯಮ. ಪೌತಿ ಖಾತೆ ಆಗದೆ ತಾತನ ಹೆಸರಲ್ಲೇ ನಿಂತ ಪಹಣಿ ಎಷ್ಟಿಲ್ಲ ನಮ್ಮೂರುಗಳಲ್ಲಿ? ಆ ಪಹಣಿ ನೋಡಿ ಯಾರ ಬಡತನ ಹೇಳ್ತೀರಿ?

ಅದಕ್ಕೇ ನನ್ನ ಮಾತು ಇಷ್ಟು: ದಾಖಲೆ ಇರೋದು ಸೇರಿಸೋಕೆ, ಕಿತ್ತುಹಾಕೋಕಲ್ಲ. ಯಾವ ಮನೆಗೂ ಹೊಸ ಮನೆಯ 58ಕ್ಕಿಂತ ಕಡಿಮೆ ಪಾಲು ಇರಬಾರದು. ಅದರ ಮೇಲೆ ರೇಷನ್ ಕಾರ್ಡಿನ ತಲೆ ಎಣಿಸಿ ಯೂನಿಟ್ ಸೇರಿಸಲಿ, ಅರ್ಜಿ ಇಲ್ಲದೆ ತಾನಾಗೇ. ಯಾರನ್ನಾದ್ರೂ ತೆಗೆಯೋದಿದ್ರೆ ಮೊದಲು ನೋಟಿಸು ಕೊಡಲಿ, ಪಟ್ಟೀನ ಪಂಚಾಯ್ತಿ ಬೋರ್ಡಿಗೆ ಅಂಟಿಸಲಿ, ಗ್ರಾಮಸಭೆಯಲ್ಲಿ ಓದಲಿ. ಯಾರ ಮನೆ ಹೇಗಿದೆ ಅಂತ ಕಂಪ್ಯೂಟರಿಗಿಂತ ಊರಿಗೆ ಚೆನ್ನಾಗಿ ಗೊತ್ತು.

ನೀವು ಮಾಡಬೇಕಾದ ಕೆಲಸ ಒಂದಿದೆ. ಈ ತಿಂಗಳ ಬಿಲ್ಲು ತೆಗೆದು ನಿಮ್ಮ ಪಾಲು ಎಷ್ಟು ಯೂನಿಟ್ ಅಂತ ನೋಡಿ. ಮನೇಲಿ ಎಷ್ಟು ಜನ ಅಂತ ಪಕ್ಕದಲ್ಲಿ ಬರೀರಿ. ಇದೇ ಪೋಸ್ಟಿನ ಕೆಳಗೆ ಆ ಎರಡು ಅಂಕಿ ಮಾತ್ರ ಹಾಕಿ, ಹೆಸರು, ಆರ್‌ಆರ್ ನಂಬರ್ ಬೇಡ. ಮುಂದಿನ ಗ್ರಾಮಸಭೆಗೆ ಅದೇ ಪಟ್ಟಿ ಹಿಡ್ಕೊಂಡು ಹೋಗೋಣ.