ಮೊದಲ ನೂರು ಮಂದಿ ಯಾರೋ ತಮ್ಮಾ?

ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಬೇಜಾರು ಮಾಡ್ಕೋಬೇಡಿ, ಬರೆಯೋಕೆ ಅದಕ್ಕಿಂತ ಒಳ್ಳೇದೇ ಸಿಕ್ಕಿದೆ.

ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಹುಕ್ಕೇರಿ ಬಸ್ಸಿಗೆ ಕಾಯ್ತಾ ಕೂತಿದ್ದೆ. ಕೈಯಲ್ಲಿ ಅರ್ಧ ಕಿಲೋ ಕರದಂಟಿನ ಪೊಟ್ಟಣ. ಎದುರಿಗೆ ಒಬ್ಬ ಹುಡುಗ, ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು, ಫೋನನ್ನು ಕಂಬದ ಕಟ್ಟೆಗೆ ಆನಿಸಿಟ್ಟು, ಕಾಲರ್ ಎತ್ತಿ ನಿಂತಿದ್ದಾನೆ. ಫೋನಿನಿಂದ ನಮ್ಮ ಸ್ಟಾರ್ ಒಬ್ಬರ ಡೈಲಾಗು ಬರ್ತಿದೆ, ಇವನು ತುಟಿ ಆಡಿಸ್ತಿದ್ದಾನೆ. ತುಟಿ ಮೂಡಲಗಿಯದು, ದನಿ ಬೆಂಗಳೂರಿನದು! ಮೂರು ಸಲ ಮಾಡಿದ. ಮೂರು ಸಲಾನೂ ಯಾವುದೋ ಬಸ್ಸು ಹಾರ್ನ್ ಹೊಡೆದು ಕೆಡಿಸಿತು.

ಬಸ್ಸು ಹತ್ತಿದರೆ ಅದೇ ಹುಡುಗ ಪಕ್ಕದ ಸೀಟಿನಲ್ಲಿ. ನನ್ನ ಕೈಯಲ್ಲಿದ್ದ ಸಿನಿಮಾ ಪತ್ರಿಕೆ ನೋಡಿ ಮಾತಿಗಿಳಿದ. ಹುಕ್ಕೇರಿಯಲ್ಲಿರೋ ಅಕ್ಕನ ಮನೆಗೆ ಹೊರಟಿದ್ದನಂತೆ.

“ಅಣ್ಣಾರ, ದಿನಾ ಎರಡ ರೀಲ್ಸ್ ಹಾಕ್ತೇನ್ರಿ. ಆರ ತಿಂಗಳ ಆತು. ಎಂಬತ್ತೇಳ ಮಂದಿ ಅದಾರ್ರಿ, ಅಷ್ಟ!”

“ಎಂಬತ್ತೇಳರಲ್ಲಿ ನೆಂಟರು ಎಷ್ಟು?”

“ಮೂವತ್ತ ಇರಬೇಕ್ರಿ” ಅಂತ ನಕ್ಕ.

ಆಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದ. ಯಾರೋ ಮೆಸೇಜ್ ಕಳಿಸಿದ್ದಾನಂತೆ: ಮೂರು ಸಾವಿರ ರೂಪಾಯಿ ಕೊಟ್ಟರೆ ಐದು ಸಾವಿರ ಫಾಲೋವರ್ಸ್! ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಹೊಡೆದ ದುಡ್ಡು ಜೇಬಲ್ಲಿದೆ. ಇವತ್ತು ರಾತ್ರಿಯೇ ಕಳಿಸಿಬಿಡೋದು ಅಂತ ತೀರ್ಮಾನ ಮಾಡಿದ್ದ.

ನನಗೆ ಕರದಂಟು ಗಂಟಲಲ್ಲೇ ನಿಂತಿತು. “ಆ ಐದು ಸಾವಿರ ಮಂದಿ ನಿನ್ನ ವಿಡಿಯೋ ನೋಡಲ್ಲ ತಮ್ಮಾ. ಅದರಲ್ಲಿ ಬಹಳಷ್ಟು ಮಂದಿಗೆ ಕಣ್ಣೇ ಇರಲ್ಲ, ಎಲ್ಲ ಕಳ್ಳ ಖಾತೆಗಳು. ಖಾಲಿ ಥೇಟರಿನ ಮುಂದೆ ‘ಹೌಸ್‌ಫುಲ್’ ಬೋರ್ಡು ತೂಗಿಹಾಕಿದ ಹಾಗೆ. ಹೊರಗೆ ನೋಡಿದವನಿಗೆ ಚಂದ, ಒಳಗೆ ಶಿಳ್ಳೆ ಹೊಡೆಯೋಕೆ ಒಬ್ಬನೂ ಇಲ್ಲ. ಮೇಲಿಂದ ಸುಳ್ಳು ಫಾಲೋವರ್ಸ್‌ನ ಕಂಪನಿಯವರೇ ಗುಡಿಸಿ ಹಾಕ್ತಾರೆ. ಪಾಸ್‌ವರ್ಡ್ ಕೇಳಿದನೇನು?” ಕೇಳಿದ್ದನಂತೆ! ಕೊಟ್ಟಿಲ್ಲ, ಪುಣ್ಯ.

ಸಿನಿಮಾ ಡೈಲಾಗಿನ ವಿಷಯಕ್ಕೂ ಬಂದೆ. ಅಭಿಮಾನ ಇರಲಿ, ನಮ್ಮ ಪುಟಗಳು ಬದುಕಿರೋದೇ ಅಭಿಮಾನದ ಮೇಲೆ. ಆದರೆ ಹಾಡಿಗೆ, ದೃಶ್ಯಕ್ಕೆ ಒಡೆಯರಿದ್ದಾರೆ. ಸಿನಿಮಾದ ತುಣುಕನ್ನೇ ಎತ್ತಿ ಯೂಟ್ಯೂಬಿಗೆ ಹಾಕಿದರೆ ಹಕ್ಕಿನವರು ತೆಗೆಸಬಹುದು. 90 ದಿನದೊಳಗೆ ಅಂಥ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲಿಗೇ ಬೀಗ! ಅಲ್ಲಿ ದುಡ್ಡಿನ ಬಾಗಿಲೂ ಸುಲಭಕ್ಕೆ ತೆಗೆಯಲ್ಲ. ಜಾಹೀರಾತಿನ ಪಾಲು ಬರಬೇಕಾದರೆ 1000 ಚಂದಾದಾರರು ಬೇಕು. ಜೊತೆಗೆ ಒಂದು ವರ್ಷದಲ್ಲಿ ಜನ 4000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ನೋಟ ಬಂದಿರಬೇಕು. ಟ್ರ್ಯಾಕ್ಟರ್ ಕೆಲಸ ಬಿಡ್ತೀನಿ ಅಂತ ಹೊರಟಿದ್ದ ಹುಡುಗ ಲೆಕ್ಕ ಕೇಳಿ ಸುಮ್ಮನಾದ.

2020ರ ಜೂನ್ 29ರ ರಾತ್ರಿ ನೆನಪಿದೆಯಾ? ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಟಿಕ್‌ಟಾಕೂ ಒಂದು. ಲಕ್ಷ ಮಂದಿ ಕಟ್ಟಿಕೊಂಡವರಿಗೆ ಬೆಳಗಾಗೋದರಲ್ಲಿ ಒಬ್ಬನೂ ಇಲ್ಲ. ಜನ ಮುಖ ನೋಡಿ ಗುರುತಿಟ್ಟುಕೊಂಡಿದ್ದವರು ಇನ್ನೊಂದು ಕಡೆ ಮತ್ತೆ ಎದ್ದರು. ಬರೀ ಹಾಡಿಗೆ ಕುಣಿದವರನ್ನು ಯಾರು ಹುಡುಕಿಕೊಂಡು ಹೋಗ್ತಾರೆ?

ಅವನ ಖಾತೆಯ ಹೆಸರು ಕೇಳಿದೆ. ಸ್ಟಾರ್ ಹೆಸರು, ಮುಂದೆ ‘ಬಾಸ್ ಫ್ಯಾನ್’, ಅದರ ಮುಂದೆ ನಾಲ್ಕು ಅಂಕಿ. ಅಲ್ಲಪ್ಪಾ, ಇದರಲ್ಲಿ ನೀನೆಲ್ಲಿದ್ದೀ? ಊರಿನ ಹೆಸರು ಸಣ್ಣದೇನಲ್ಲ. 1982ರಲ್ಲಿ ಅಣ್ಣಾವ್ರು ಬೀದಿಗಿಳಿದ ಆ ದೊಡ್ಡ ಚಳವಳಿಗೆ ಗೋಕಾಕ್ ಅಂತ ಹೆಸರು ಬಂದದ್ದು ಈ ಊರಿಂದಲ್ಲ, ವರದಿ ಬರೆದ ವಿ.ಕೃ. ಗೋಕಾಕರಿಂದ. ಅವರು ಹುಟ್ಟಿದ್ದು ಸವಣೂರಿನಲ್ಲಿ! ‘ಸಾವಿರ ಹಾಡಿನ ಸರದಾರ’ ಬಾಳಪ್ಪ ಹುಕ್ಕೇರಿಯವರ ಊರು ಮುರಗೋಡ. ಅಡ್ಡಹೆಸರಿನಲ್ಲಿ ಊರು ಹೊತ್ತವರೇ ಇಷ್ಟು ಹೆಸರು ಮಾಡಿದ ಮೇಲೆ, ಊರಲ್ಲೇ ಇರೋ ನೀನು ಹೆಸರಿನ ಜೊತೆ ‘ಮೂಡಲಗಿ’ ಅಂತ ಕನ್ನಡದಲ್ಲಿ ಬರೆದುಕೊಂಡರೆ ಏನು ನಷ್ಟ? (ಮೂಡಲಗಿ ಈಗ ತಾಲೂಕು ಕೇಂದ್ರ ಬೇರೆ!)

“ಮತ್ತ ಏನ ಹಾಕ್ಲಿರಿ? ಫಾಲ್ಸ್ ಅಂಚಿಗೆ ನಿಂತ ಒಂದ ಹೊಡೀಬೇಕ ಅಂದ್ಕೊಂಡೇನ್ರಿ.”

ಘಟಪ್ರಭೆ ಅಲ್ಲಿ 170 ಅಡಿ ಕೆಳಗೆ ಬೀಳ್ತಾಳೆ. ಕಾಲು ಜಾರಿದ ಮೇಲೆ ಲೈಕ್ ಎಣಿಸೋರು ಯಾರು? ಇಷ್ಟು ಮಾತ್ರ ಹೇಳಿದೆ. ಅವನಿಗೂ ತಾಯಿ ಇದ್ದಾಳಲ್ಲ, ಅರ್ಥವಾಯ್ತು.

ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡ್ತಾ ಕೂತ. ಆಮೇಲೆ ತಾನಾಗಿ ಹೇಳಿದ: “ನಂಗ ಬರೋದ ಒಂದ ರಿ, ಟ್ರೇಲರ್.”

ನಾನು ಸಿನಿಮಾದವನು ನೋಡಿ! “ಯಾವ ಸಿನಿಮಾದ್ದು?” ಅಂದುಬಿಟ್ಟೆ.

ಸಿನಿಮಾದ್ದಲ್ಲ ಸ್ವಾಮೀ, ಕಬ್ಬಿನದು! ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಂದಕ್ಕೆ ಓಡಿಸೋದು. ಈ ಕಡೆ ಜಾತ್ರೆಗಳಲ್ಲಿ ಇದಕ್ಕೆ ಪಂದ್ಯವೇ ನಡೆಯುತ್ತೆ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗುತ್ತೆ, ಎರಡು ಟ್ರೇಲರ್ ಕಟ್ಟಿದರೆ ಲೆಕ್ಕ ಮತ್ತೆ ಉಲ್ಟಾ! ಇವನು ಸುಣ್ಣದ ಗೆರೆ ತುಳಿಯದೆ ಎರಡನ್ನೂ ಹಿಂದಕ್ಕೆ ಒಯ್ತಾನಂತೆ. ಹೇಳುವಾಗ ಗಾಳಿಯಲ್ಲೇ ಸ್ಟೇರಿಂಗ್ ಹಿಡಿದಿದ್ದ. ಡೈಲಾಗ್ ಹೊಡೆಯುವಾಗ ಇರದ ಕಳೆ ಆಗ ಮುಖದಲ್ಲಿ! ಆರು ತಿಂಗಳಲ್ಲಿ ಅದನ್ನು ಒಂದು ಸಲವೂ ಫೋನಿಗೆ ತೋರಿಸಿಲ್ಲ ಮಹಾಶಯ. “ಅದನ್ಯಾರ ನೋಡ್ತಾರ್ರಿ?” ಅಂತಾನೆ.

ಪಕ್ಕದ ರಾಯಬಾಗ ತಾಲೂಕಿನ ನಿಪನಾಳದ ಮಾಳು ನಿಪನಾಳ ಯಾರ ದನಿಗೆ ತುಟಿ ಆಡಿಸಿದರು? ‘ನಾ ಡ್ರೈವರ’ ಅಂತ ತಮ್ಮ ಊರಿನ ಮಾತಿನಲ್ಲೇ ಹಾಡಿದರು. 2025ರಲ್ಲಿ ಬಿಗ್ ಬಾಸ್ ಮನೆವರೆಗೂ ಹೋದರು. ಆ ಹಾಡಿಗೆ ಮುಂಚೆಯೂ ಅವರು ಹಾಡ್ತಲೇ ಇದ್ದವರು, ಅದನ್ನು ಮರೀಬೇಡಿ. ಈ ಸೀಮೆಗೆ ಇದು ಹೊಸದೂ ಅಲ್ಲ. ಶ್ರೀಕೃಷ್ಣ ಪಾರಿಜಾತ ಅಂದರೆ ಕುಲಗೋಡ ತಮ್ಮಣ್ಣನ ಹೆಸರು, ಕೌಜಲಗಿ ನಿಂಗಮ್ಮನ ಹೆಸರು ಈಗಲೂ ಬರುತ್ತೆ. ರಾತ್ರಿಯಿಡೀ ಈ ಊರಲ್ಲಿ ಆಡಿದ್ದನ್ನು ನೋಡಿದವರು ಹೋಗಿ ಮುಂದಿನ ಊರಲ್ಲಿ ಹೇಳೋರು. ಅದೇ ಆಗಿನ ಶೇರ್ ಬಟನ್ನು!

ನನ್ನದೂ ಹಾಗೇ ಶುರುವಾದದ್ದು. ಒಂದು ಸಿನಿಮಾ ಪತ್ರಿಕೆಯ ಪ್ರಶ್ನೋತ್ತರ ಪುಟಕ್ಕೆ ಹನ್ನೊಂದು ಕಾರ್ಡು ಬರೆದೆ. ಹನ್ನೆರಡನೆಯದು ಅಚ್ಚಾಯ್ತು, ಅದೂ ಊರಿನ ಹೆಸರು ತಪ್ಪಾಗಿ. ಓದಿ ಶಭಾಷ್ ಅಂದವನು ನಮ್ಮ ಬೀದಿಯ ಕ್ಷೌರದಂಗಡಿಯವನು ಒಬ್ಬನೇ. ಹದಿಮೂರನೇ ಕಾರ್ಡು ಬರೆದದ್ದು ಅವನಿಗೋಸ್ಕರ.

ಹುಕ್ಕೇರಿ ಹತ್ತಿರ ಬರ್ತಿತ್ತು. ಗಡಿಬಿಡಿಯಲ್ಲಿ ಇನ್ನಷ್ಟು ಹೇಳಿದೆ. ಮಸೂರ ಒರೆಸು. ಮೊದಲ ಮೂರು ಸೆಕೆಂಡಿನಲ್ಲೇ ಚಕ್ರ ತೋರಿಸು, ನಮಸ್ಕಾರ ಗಿಮಸ್ಕಾರ ಆಮೇಲೆ. ದಿನಕ್ಕೆ ಎರಡು ಬೇಡ, ವಾರಕ್ಕೆ ಎರಡು ಸಾಕು, ವಾರ ಮಾತ್ರ ತಪ್ಪಿಸಬೇಡ. ಜಾತ್ರೆಯಲ್ಲಿ ಹೆಣ್ಣುಮಕ್ಕಳನ್ನು ಕೇಳದೆ ಫೋನಿಗೆ ಹಿಡಿದೆಯೋ, ಮೊದಲು ಪೆಟ್ಟು, ಆಮೇಲೆ ಸ್ಟೇಷನ್ನು. ಕೆಳಗೆ ಯಾರೇ ಪ್ರಶ್ನೆ ಕೇಳಲಿ, ಉತ್ತರ ಬರಿ. ಮೊದಲ ನೂರು ಮಂದಿ ಕಬ್ಬಿನ ಗಾಡಿಯವರೇ ಇರ್ತಾರೆ, ನಿನ್ನ ಕೈಚಳಕ ಗೊತ್ತಾಗೋದೂ ಅವರಿಗೇ.

ಇಳಿಯೋವಾಗ ಕರದಂಟಿನ ಅರ್ಧ ಪೊಟ್ಟಣ ಅವನ ಪಾಲಾಯ್ತು.

ಮೂರು ವಾರದ ಮೇಲೆ ಲಿಂಕ್ ಬಂತು. 41 ಸೆಕೆಂಡಿನ ವಿಡಿಯೋ. ಚಿತ್ರ ಅಲ್ಲಾಡುತ್ತೆ, ಬೆಳಕು ಸಾಲದು. ಎರಡು ಟ್ರೇಲರ್ ಹಾವಿನ ಹಾಗೆ ಹಿಂದಕ್ಕೆ ಸರಿದು ಎರಡು ಕಲ್ಲಿನ ನಡುವೆ ಬಂದು ನಿಲ್ಲುತ್ತವೆ. ಕೊನೆಗೆ ಅಪ್ಪನ ದನಿ: “ಸಾಕ ಬಾರೋ, ಊಟಕ್ಕ!” ಫಾಲೋವರ್ಸ್ 212 ಆಗಿದ್ದರು. ಕೆಳಗೆ ಯಾರೋ ಕೇಳಿದ್ದಾರೆ: “ಹಿಂದಿನ ಟ್ರೇಲರ್ ಅಡ್ಡ ಬಿದ್ದರ ಮೊದಲ ಯಾ ಕಡೆ ತಿರಗಸ್ಬೇಕೋ?” ಎರಡು ದಿನವಾದರೂ ಹುಡುಗನ ಉತ್ತರ ಇಲ್ಲ. ‘ನನಗೂ ಗೊತ್ತಾಗಬೇಕು, ಬೇಗ ಬರಿಯಪ್ಪಾ’ ಅಂತ ಅದರ ಕೆಳಗೆ ನಾನೂ ಒಂದು ಹಾಕಿದ್ದೇನೆ.