ಫಾರ್ಮ್ಯಾಟ್ ಮಾಡು ಅನ್ನೋ ಮೊದಲು ಓದು ಮಾರಾಯ

1/6
"ಲಿನಕ್ಸ್ ಅಲ್ದಾ? ಫಾರ್ಮ್ಯಾಟ್ ಮಾಡು, ಸರಿ ಆಗ್ತದೆ."

ಈ ಸಲಹೆ ಕೊಡೋರಿಗೆಲ್ಲ ಇವತ್ತಿನ ಪೋಸ್ಟ್. ಸ್ವಲ್ಪ ಖಾರ ಇದೆ, ಬೇಜಾರಾಗ್ಬೇಡಿ.

ನನ್ನ ಗೆಳತಿಯೊಬ್ಬಳ ಹತ್ರ ಹಳೇ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಅದ್ರಲ್ಲಿ ಉಬುಂಟು 22.04. ಒಂದು ಆಪ್‌ನ ಹೊಸ ವರ್ಷನ್ ಬೇಕು ಅಂತ ಡೆಬ್ ಫೈಲ್ ಇಳಿಸಿದ್ಳು. ಇನ್‌ಸ್ಟಾಲ್ ಆಗ್ಲಿಲ್ಲ. ಯಾವುದೋ ವಿಡಿಯೋ ನೋಡಿ ಫೋರ್ಸ್ ಮಾಡಿದ್ಳು. ಮರುದಿನದಿಂದ ಆಪ್ಟ್ ಹಠ ಹಿಡೀತು, ಬೇರೆ ಏನೂ ಹಾಕ್ಲಿಕ್ಕೆ ಬಿಡ್ಲಿಲ್ಲ. "ಗೊತ್ತಿದ್ದವರು" ಒಬ್ಬರು ಫಾರ್ಮ್ಯಾಟ್ ಮಾಡಿಕೊಟ್ರು.

ಅದರ ಜೊತೆ ಅವಳ ಪ್ರಾಜೆಕ್ಟೂ ಹೋಯ್ತು. ಮಳೆಯಲ್ಲಿ ಕೊಡೆ ಹಿಡ್ಕೊಂಡು ಸಂತೆಗುಳಿ ಸುತ್ತ ಮನೆ ಮನೆ ತಿರುಗಿ, ಅಡಿಕೆ ಬೆಳೆಗಾರರ ಖರ್ಚು-ಆದಾಯ ಬರ್ಕೊಂಡು ಮಾಡಿದ ಸರ್ವೆ ಅದು. ಬ್ಯಾಕಪ್ ಇರ್ಲಿಲ್ಲ.

ಸರಿ ಮಾಡ್ಲಿಕ್ಕೆ ಬೇಕಾಗಿದ್ದದ್ದು ಒಂದೇ ಕಮಾಂಡ್. ಅದೂ ಸ್ಕ್ರೀನ್ ಮೇಲೇ ಬರೆದಿತ್ತು. ಯಾರೂ ಓದ್ಲಿಲ್ಲ.

2/6
ಸ್ಕ್ರೀನ್ ಎಂತ ಹೇಳ್ತಿತ್ತು? ಈ ಪ್ಯಾಕೇಜಿಗೆ ಲಿಬ್‌ಸಿ6 ಅನ್ನೋದು 2.38 ಅಥವಾ ಅದಕ್ಕಿಂತ ಹೊಸದು ಬೇಕು, ನಿಮ್ಮಲ್ಲಿರೋದು 2.35. ಅಷ್ಟೇ.

ಲಿಬ್‌ಸಿ6 ಅಂದ್ರೆ ಸಿಸ್ಟಂನ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಂಗಳೂ ಕೂತಿರೋ ಅಡಿಪಾಯ. ಉಬುಂಟು 22.04ರಲ್ಲಿ ಅದು 2.35, 24.04ರಲ್ಲಿ 2.39. ಅವಳು ಇಳಿಸಿದ್ದು 24.04ಕ್ಕೆ ಮಾಡಿದ ಫೈಲ್. ಫೋರ್ಸ್ ಮಾಡಿದ್ರೆ 2.35 ಹೋಗಿ 2.38 ಆಗೋದಿಲ್ಲ. ಫೈಲ್ ಒಳಗೆ ಹೋಗಿ ಕೂತ್ಕೊಳ್ತದೆ, ಆಪ್ ಓಪನ್ ಆಗೂದಿಲ್ಲ. ಆಮೇಲೆ ಆಪ್ಟ್ ಕೇಳ್ತದೆ: ಮೊದಲು ಈ ಲೆಕ್ಕ ಸರಿ ಮಾಡು, ಉಳಿದದ್ದು ಆಮೇಲೆ.

ಇದು ಹಠ ಅಲ್ಲ, ಪ್ರಾಮಾಣಿಕತೆ.

3/6
"ನಾವು ಬಿಕಾಂ, ಇಂಜಿನಿಯರ್ ಅಲ್ಲ" ಅಂತೀರಿ. ಬಿಕಾಂನವರಿಗೇ ಇದು ಬೇಗ ಅರ್ಥ ಆಗ್ಬೇಕು!

ಕ್ಯಾಶ್ ಬುಕ್ಕೂ ಪಾಸ್ ಬುಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಎಂತ ಮಾಡ್ತೀರಿ? ಕ್ಯಾಶ್ ಬುಕ್ ಸುಟ್ಟು ಹೊಸದು ಬರೀತೀರಾ? ಇಲ್ಲ. ಯಾವ ಚೆಕ್ ಕೊಟ್ಟಾಗಿದೆ, ಬ್ಯಾಂಕಿಗೆ ಇನ್ನೂ ಬಂದಿಲ್ಲ ಅಂತ ಒಂದೊಂದೇ ಎಂಟ್ರಿ ಹುಡುಕ್ತೀರಿ. ಡಿಪೆಂಡೆನ್ಸಿ ಜಗಳವೂ ಅದೇ. ಎರಡು ಪುಸ್ತಕ ತಾಳೆ ಆಗ್ತಿಲ್ಲ, ಯಾವ ಎಂಟ್ರಿ ಅಂತ ಆಪ್ಟೇ ಹೇಳ್ತಿದೆ.

ಫೋರ್ಸ್ ಅಂದ್ರೆ? ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕಿ "ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಸರ್" ಅನ್ನೋದು. ಎಷ್ಟು ದಿನ ಮುಚ್ಚಿಡ್ತೀರಿ?

4/6
ದೊಡ್ಡವರೂ ಎಡವಿದ್ದಾರೆ. 2021ರ ನವೆಂಬರ್‌ನಲ್ಲಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಹಾಕಿದ ವಿಡಿಯೋ ನೋಡಿರ್ಬಹುದು. ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕ್ಲಿಕ್ಕೆ ಹೋದ್ರು. ವರ್ಷನ್ ತಾಳೆ ಆಗ್ದೆ, ಡೆಸ್ಕ್‌ಟಾಪನ್ನೇ ತೆಗೀತೇನೆ ಅಂತ ಆಪ್ಟ್ ಎಚ್ಚರಿಸ್ತು. ಒಪ್ಪಿಗೆ ಅಂತ ಇಡೀ ವಾಕ್ಯ ಟೈಪ್ ಮಾಡಿಸ್ಕೊಂಡ್ತು. ಅವರು ಟೈಪ್ ಮಾಡಿದ್ರು. ಡೆಸ್ಕ್‌ಟಾಪ್ ಹೋಯ್ತು.

ಪ್ಯಾಕೇಜ್ ತಾಳೆ ಆಗ್ದಿದ್ದದ್ದು ಅವರ ತಪ್ಪಲ್ಲ, ಅದು ಮಾಡಿದವರ ತಪ್ಪು. ಆಪ್ಟ್ ಬರೆಯೋರೂ ಆಮೇಲೆ ತಡೆಯನ್ನ ಇನ್ನಷ್ಟು ಬಿಗಿ ಮಾಡಿದ್ರು. ಆದ್ರೂ ಓದಿದ್ದಿದ್ರೆ ಅಲ್ಲೇ ನಿಲ್ಲಿಸ್ಬಹುದಿತ್ತು.

5/6
ಹಾಗಾದ್ರೆ ಎಂತ ಮಾಡೂದು? ಕಮಾಂಡ್‌ಗಳು ಫೋಟೋದಲ್ಲಿವೆ, ಅಕ್ಷರ ನೋಡಿ ಟೈಪ್ ಮಾಡಿ.

ಒಂದು: "ಡಿಪೆಂಡ್ಸ್" ಅಂತಿರೋ ಸಾಲು ಹುಡುಕಿ. ಯಾರಿಗೆ, ಯಾವುದು, ಎಷ್ಟನೇ ವರ್ಷನ್ ಬೇಕು ಅಂತ ಅಲ್ಲಿರ್ತದೆ.

ಎರಡು: ಆಪ್ಟ್ ಪಾಲಿಸಿ. ನಿಮ್ಮಲ್ಲಿ ಯಾವ ವರ್ಷನ್ ಇದೆ, ಎಲ್ಲಿಂದ ಬರ್ತಿದೆ ಅಂತ ತೋರಿಸ್ತದೆ.

ಮೂರು: ಅರ್ಧಕ್ಕೆ ನಿಂತಿದ್ರೆ ಆಪ್ಟ್ ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್. ಗೆಳತಿಗೆ ಬೇಕಾಗಿದ್ದದ್ದು ಇದೇ. ಫೋರ್ಸ್ ಮಾಡಿದ ಪ್ಯಾಕೇಜನ್ನ ಹೊರಗೆ ಹಾಕಿ ಉಳಿದದ್ದನ್ನ ಬಿಡಿಸ್ಕೊಡ್ತದೆ.

ನಾಲ್ಕು: ವೈ ಒತ್ತೋ ಮೊದಲು "ರಿಮೂವ್ಡ್" ಪಟ್ಟಿ ಓದಿ. ಸುಮ್ಮನೆ ಹೆದ್ರೂದೂ ಬೇಡ. ಕನ್ನಡದ ನವಿಲು ಫಾಂಟ್ ತೆಗೆದ್ರೆ ಫಾಂಟ್ಸ್-ಕೆಎನ್‌ಡಿಎ ಕೂಡ ಹೋಗ್ತದೆ ಅಂತ ಬರ್ತದೆ. ಅಯ್ಯೋ ಕನ್ನಡವೇ ಹೋಯ್ತಾ? ಇಲ್ಲ. ಅದು ಲೋಹಿತ್, ಗುಬ್ಬಿ, ನವಿಲು ಮೂರನ್ನೂ ಒಟ್ಟಿಗೆ ತರೋ ಖಾಲಿ ಚೀಲ. ಲೋಹಿತ್, ಗುಬ್ಬಿ ಅಲ್ಲೇ ಇರ್ತವೆ. ಓದಿದ್ರೆ ಹೆದರಿಕೆಯೂ ಕಮ್ಮಿ.

ಐದು: 22.04ಕ್ಕೆ 24.04ರ ರೆಪೊಸಿಟರಿ ಸೇರಿಸ್ಬೇಡಿ. ಹೊಸ ವರ್ಷನ್ ಬೇಕೇ ಬೇಕಾ? ಫ್ಲಾಟ್‌ಪ್ಯಾಕ್‌ನಲ್ಲಿ ಇದೆಯಾ ನೋಡಿ. ಅದು ತನ್ನ ಅಡಿಪಾಯವನ್ನ ತಾನೇ ತರ್ತದೆ.

6/6
ಎರರ್ ಇಂಗ್ಲಿಷಲ್ಲಿ ಬರ್ತದೆ, ಕನ್ನಡ ಮೀಡಿಯಂನಿಂದ ಬಂದವರಿಗೆ ಕಷ್ಟ. ಒಪ್ತೇನೆ, ಅದು ನಿಜವಾದ ತೊಂದರೆ. ಆದ್ರೆ ಅದಕ್ಕೆ ಪರಿಹಾರ ಪಕ್ಕದಲ್ಲಿ ಕೂತು ಓದಿ ಹೇಳೋದು. ಡಿಸ್ಕ್ ಅಳಿಸೋದಲ್ಲ.

ಕೆಲವು ಸಲ ಫಾರ್ಮ್ಯಾಟೇ ಸರಿ ಇರ್ಬಹುದು. ಆಗ್ಲೂ ಮೊದಲು ಒಂದು ಪ್ರಶ್ನೆ ಕೇಳಿ: "ಒಳಗೆ ಎಂತ ಇದೆ? ಪೆನ್‌ಡ್ರೈವ್‌ಗೆ ಹಾಕ್ಕೊಂಡ್ಯಾ?" ಅವಳನ್ನ ಈ ಒಂದು ಪ್ರಶ್ನೆ ಯಾರೂ ಕೇಳ್ಲಿಲ್ಲ. ಈಗ ಅವಳು ಮತ್ತೆ ಅದೇ ಮನೆಗಳಿಗೆ ಹೋಗ್ತಿದ್ದಾಳೆ. "ಹೋದ ಸಲ ಹೇಳಿದ್ದೆಲ್ಲ ಎಲ್ಲಿ ಹೋಯ್ತು ತಂಗಿ?" ಅಂತ ಕೇಳಿದ್ರೆ ಎಂತ ಹೇಳೂದು?

ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ಅದು ಅವಮಾನ ಅಲ್ಲ. ಬೇರೆಯವರ ಶ್ರಮ ಅಳಿಸಿ "ಸರಿ ಆಯ್ತು" ಅನ್ನೋದು ಅವಮಾನ.

ಸೇವ್ ಮಾಡಿ ಇಟ್ಕೊಳ್ಳಿ. ಎರರ್ ಬಂದ್ರೆ ಸ್ಕ್ರೀನ್‌ಶಾಟ್ ಕಳ್ಸಿ, ಒಟ್ಟಿಗೆ ಓದುವ.

#ಲಿನಕ್ಸ್ #ಉಬುಂಟು #ಬಿಕಾಂ #ಸಂತೆಗುಳಿ #ಕುಮಟಾ #ಮೊದಲುಓದಿ